ಕೊಳಲು ಬೇಕಿದ್ದರೆ ಕೊಳಲಿನವರನ್ನೇ ಕರೆಸಿ

ಡಿಸೆಂಬರ್ 29 ಹತ್ತಿರ ಬಂತೆಂದರೆ ನಮ್ಮ ಕಡೆ ಕೀಬೋರ್ಡ್ ನುಡಿಸುವವರಿಗೆ ಬಿಡುವಿಲ್ಲ. 1904ರಲ್ಲಿ ಆ ದಿನ ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ನಮ್ಮ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಪ್ಪಳಿಯಾದ್ದರಿಂದ ಪ್ರವಾಸಿಗಳೆಲ್ಲ ಅತ್ತ ಹೋಗುತ್ತಾರೆ. ಆದರೆ ಹಾಡುವ ಮಕ್ಕಳು ಇತ್ತಲೂ ಇದ್ದಾರೆ. ವಿಶ್ವಮಾನವ ದಿನವೆಂದು ಶಾಲೆ, ಸಂಘಗಳಲ್ಲೆಲ್ಲ ಗೀತಗಾಯನ. ಸುಗಮ ಸಂಗೀತಕ್ಕೆ ಕೀಬೋರ್ಡ್ ಸಾಥ್ ಕೊಡುವ ನನಗೆ ಸಂಘಟಕರು ಹೇಳುವುದು ಒಂದೇ ಮಾತು: ‘ಕ್ಯಾಸೆಟ್ಟಿನಲ್ಲಿದ್ದ ಹಾಗೇ ಬರಲಿ. ಕೊಳಲಿನವರು ಇಲ್ಲ, ಕೊಳಲಿನ ಟೋನ್ ನೀವೇ ಹಾಕಿಬಿಡಿ.’

ಹಾಕುತ್ತೇನೆ, ಆದರೆ ಪ್ರತಿ ಸಲವೂ ಮನಸ್ಸು ಮುದುಡುತ್ತದೆ. ಕೊಳಲಿನವರು ಪಲ್ಲವಿಯ ಕೊನೆಯ ಸ್ವರಕ್ಕೆ ಬರುವಾಗ ಉಸಿರು ಸ್ವಲ್ಪ ಸಡಿಲವಾಗುತ್ತದೆ, ಬೆರಳು ರಂಧ್ರವನ್ನು ಅರ್ಧವಷ್ಟೇ ಬಿಡುತ್ತದೆ, ಸ್ವರ ಜಾರಿ ಇಳಿಯುತ್ತದೆ. ನನ್ನ ಕೀಲಿಯನ್ನು ಒತ್ತಿದಷ್ಟು ಹೊತ್ತು ಅದೇ ಸ್ವರ, ಅದೇ ತೂಕ. ಪಕ್ಕದ ಚಕ್ರ ತಿರುಗಿಸಿ ಜಾರು ತರಬಹುದು, ಉಸಿರು ತರಲಾಗದು. ಹೀಗೆ ಕೊಳಲಿನವರ ಸಂಭಾವನೆಯೂ ಹೋಯಿತು, ಕೀಬೋರ್ಡಿನ ಸ್ವಂತ ದನಿಯೂ ಹೋಯಿತು.

ಈ ವಾದ್ಯಕ್ಕೆ ಸ್ವಂತ ದನಿ ಇದೆ ಎಂದು ನಾನು ನಂಬಿದ್ದು ಇಂಗ್ಲೆಂಡಿನ ಒಎಂಡಿ ತಂಡವನ್ನು ಕೇಳಿ. ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ ಎಂಬುದು ಪೂರ್ತಿ ಹೆಸರು. ಲಿವರ್‌ಪೂಲಿನ ಆಚೆ ದಡದ ವಿರಲ್‌ನ ಹುಡುಗರು, ಆಂಡಿ ಮೆಕ್‌ಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್. 1975ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಲಿವರ್‌ಪೂಲಿಗೆ ಬಂದಾಗ ಮೆಕ್‌ಕ್ಲಸ್ಕಿ ಕೇಳಿದ ಕಛೇರಿ ಅವರ ದಾರಿಯನ್ನೇ ಬದಲಿಸಿತು. ಕೈಯಲ್ಲಿ ಕಾಸಿರಲಿಲ್ಲ, ಅಮ್ಮನ ಕ್ಯಾಟಲಾಗಿನಿಂದ ಕಂತಿನ ಮೇಲೆ ಒಂದು ಸಣ್ಣ ಕೋರ್ಗ್ ಸಿಂಥಸೈಜರ್ ತರಿಸಿಕೊಂಡರು. 1978ರ ಅಕ್ಟೋಬರಿನಲ್ಲಿ ಎರಿಕ್ಸ್ ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ. ಡ್ರಮ್ಮಿನವರಿಲ್ಲದ ತಂಡಕ್ಕೆ ಒಂದು ಟೇಪ್ ರೆಕಾರ್ಡರೇ ಜೊತೆಗಾರ. ಅದಕ್ಕೆ ವಿನ್‌ಸ್ಟನ್ ಎಂದು ಹೆಸರಿಟ್ಟು ವೇದಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಪರದೆಯ ಹಿಂದೆ ಟ್ರ್ಯಾಕ್ ಓಡಿಸಿ ಮುಂದೆ ಕೈಯಾಡಿಸುವ ಈಗಿನ ಪದ್ಧತಿಗೂ ಆ ನೇರವಂತಿಕೆಗೂ ಎಷ್ಟು ಅಂತರ!

‘ಭಾವಗೀತೆಗೆ ಮಾತು ಮುಖ್ಯ, ಮೆಷಿನ್ ಸದ್ದು ಒಗ್ಗದು’ ಎನ್ನುವ ಹಿರಿಯರಿದ್ದಾರೆ. ಮಾತು ಮುಖ್ಯ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಎಂಡಿಯ 1980ರ ಪ್ರಸಿದ್ಧ ಹಾಡು ‘ಎನೋಲಾ ಗೇ’, ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಹೆಸರಿನದು. ಮರುವರ್ಷದ ‘ಆರ್ಕಿಟೆಕ್ಚರ್ ಅಂಡ್ ಮೊರಾಲಿಟಿ’ಯಲ್ಲಿ ಜೋನ್ ಆಫ್ ಆರ್ಕ್ ಬಗ್ಗೆಯೇ ಎರಡು ಹಾಡುಗಳಿವೆ. ಇಷ್ಟು ಭಾರದ ವಸ್ತುವನ್ನು ಆ ಯಂತ್ರಗಳೇ ಹೊತ್ತವು. ಆ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. 1983ರಲ್ಲಿ ‘ಡ್ಯಾಜಲ್ ಶಿಪ್ಸ್’ ಎಂದು ರೇಡಿಯೊ ಧ್ವನಿ, ಮಾತಾಡುವ ಆಟಿಕೆಗಳನ್ನೆಲ್ಲ ಬೆರೆಸಿ ಹೊಸದು ಮಾಡಿದಾಗ ಕೇಳುಗರು ಕೈಬಿಟ್ಟರು. ತಂಡ ಬೆದರಿ ಸುಲಭದ ದಾರಿ ಹಿಡಿಯಿತು, ಅಮೆರಿಕದಲ್ಲಿ ಗೆದ್ದಿತು, ಆಮೇಲೆ ಒಡೆಯಿತು. 2006ರಲ್ಲಿ ಮತ್ತೆ ಕೂಡಿದರು. ಸೋತಿದ್ದ ಅದೇ ಆಲ್ಬಂ ಅನ್ನು 2016ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ಹೊಸ ಸದ್ದಿಗೆ ಕಿವಿ ಒಗ್ಗಲು ಮೂವತ್ತು ವರ್ಷ ಹಿಡಿಯಬಹುದು. ನಾವು ಮೂರು ನಿಮಿಷವನ್ನೂ ಕೊಡುತ್ತಿಲ್ಲ.

ಕುವೆಂಪು ಬರೆದ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿತು. ನಾಡಗೀತೆಗೆ ಆ ಶಿಸ್ತು ಬೇಕು, ಸರಿಯೇ. ಕುವೆಂಪು ಅವರ ಉಳಿದ ಪದ್ಯಗಳಿಗೆಲ್ಲ ಅದೇ ಬೇಲಿ ಯಾಕೆ? ಅದೇ ಡಿಸೆಂಬರ್ 29 ಗಾಯಕ, ಸಂಯೋಜಕ ಸಿ. ಅಶ್ವತ್ಥ್ ಹುಟ್ಟಿದ ದಿನ, ತೀರಿಕೊಂಡ ದಿನವೂ ಹೌದು. ಅವರು ಭಾವಗೀತೆಯನ್ನು ಚಾಪೆಯ ಮೇಲಿನ ಬೈಠಕ್ಕಿನಿಂದ ಅರಮನೆ ಮೈದಾನದವರೆಗೆ ಒಯ್ದವರು. ಕ್ಯಾಸೆಟ್ಟಿನ ನಕಲು ಅವರಿಗೆ ಸಲ್ಲಿಸುವ ಗೌರವ ಅಂತ ನನಗನ್ನಿಸುವುದಿಲ್ಲ.

ಒಂದು ಶಾಲೆಯಲ್ಲಿ ‘ಅನಿಕೇತನ’ಕ್ಕೆ ಬೇರೆ ರೀತಿ ನುಡಿಸಿ ನೋಡಿದೆ. ಹಾಡಿದ ಹುಡುಗಿಯ ಶ್ರುತಿ ಕಪ್ಪು ಐದು. ಕೆಳಗಿನ ಷಡ್ಜ, ಪಂಚಮ ಎರಡನ್ನೇ ಹಿಡಿದು, ಮೊದಲ ಚರಣ ಮುಗಿಯುವಷ್ಟರಲ್ಲಿ ಮಂದ ದನಿ ನಿಧಾನವಾಗಿ ಬಿಚ್ಚಿಕೊಳ್ಳುವಂತೆ ಗುಂಡಿ ತಿರುಗಿಸಿದೆ. ತಬಲಾ ಬಂದದ್ದು ಎರಡನೆಯ ಚರಣಕ್ಕೆ. ಕೊಳಲೂ ಇಲ್ಲ, ಪಿಟೀಲೂ ಇಲ್ಲ. ಹುಡುಗಿಯ ಒಂದೊಂದು ಅಕ್ಷರವೂ ಕೊನೆಯ ಸಾಲಿನವರೆಗೆ ಮುಟ್ಟಿತು. ಆ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಬಂದು, ಅದು ಯಾವ ವಾದ್ಯದ ಸದ್ದು ಎಂದು ಕೇಳಿದರು. ಕೀಬೋರ್ಡಿನದೇ ಎಂದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟು. ಕೊಳಲು ಬೇಕಿದ್ದರೆ ಶಾಮಿಯಾನದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಕೊಳಲಿನವರನ್ನೇ ಕರೆಸಿ. ಈ ಡಿಸೆಂಬರಿನ ಕಾರ್ಯಕ್ರಮ ಪಟ್ಟಿಯಲ್ಲಿ ಒಂದೇ ಒಂದು ಹಾಡನ್ನು ಕೀಬೋರ್ಡಿನವರಿಗೂ ಗಾಯಕರಿಗೂ ಬಿಟ್ಟುಕೊಡಿ, ಹೇಗೆ ನುಡಿಸಬೇಕೆಂದು ಅವರೇ ಕೂತು ಕಟ್ಟಲಿ. ಅಭ್ಯಾಸಕ್ಕೆ ಒಂದು ವಾರ ಮೊದಲೇ ಹೇಳಿದರೆ ಸಾಕು.