ಗಡಿಯಾಚೆಯ ಹೊಲ

ನಾರ್ತ್ ಕೆರೊಲಿನಾದ ಷಾರ್ಲೆಟ್‌ನಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಸೌತ್ ಕೆರೊಲಿನಾದ ಯಾರ್ಕ್, ಲ್ಯಾಂಕಾಸ್ಟರ್ ಕೌಂಟಿಗಳು. ಅಲ್ಲಿನ ಕೆಮ್ಮಣ್ಣು ಕಂಡರೆ ಷಾರ್ಲೆಟ್‌ನಲ್ಲಿರುವ ನಮ್ಮ ಕನ್ನಡಿಗರಿಗೆ ಊರಿನ ಹೊಲ ನೆನಪಾಗುತ್ತದೆ. ಊರಲ್ಲೇ ಕೊಳ್ಳೋಣವೆಂದರೆ, ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರ ಖರೀದಿಗೆ ಅಡ್ಡಿಯಾಗಿದ್ದ 79ಎ, 79ಬಿ ಕಲಂಗಳನ್ನು ತೆಗೆದರೂ ಅನಿವಾಸಿಗಳು ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಸರಿ. ಹೀಗಿರುವಾಗ ಸಂಸಾರ ಸಮೇತ ಪಕ್ಕದ ರಾಜ್ಯಕ್ಕೆ ಹೋಗಿ ಹೊಲ ಮಾಡುವ ಆಸೆ ನಮಗೆ ಅರ್ಥವಾಗುತ್ತದೆ.

ಆದರೆ ಗಡಿ ದಾಟಿದೊಡನೆ ಲೆಕ್ಕವೂ ಬದಲಾಗುತ್ತದೆ. ನಾರ್ತ್ ಕೆರೊಲಿನಾದಲ್ಲಿ ಕೃಷಿಭೂಮಿಯ ತೆರಿಗೆ ರಿಯಾಯಿತಿಗೆ ಸಾಮಾನ್ಯ ಬೇಸಾಯವಾದರೆ 10 ಎಕರೆ, ತೋಟಗಾರಿಕೆಯಾದರೆ 5 ಎಕರೆ ಸಾಗುವಳಿಯಲ್ಲಿರಬೇಕು; ವರ್ಷಕ್ಕೆ ಸರಾಸರಿ 1,000 ಡಾಲರ್ ಉತ್ಪನ್ನ ಬರಬೇಕು. ಬೇಸಾಯ ಬಿಟ್ಟರೆ ಹಿಂದಿನ 3 ವರ್ಷಗಳ ರಿಯಾಯಿತಿಯೂ ಬಡ್ಡಿ ಸಮೇತ ತಲೆಯ ಮೇಲೆ ಬರುತ್ತದೆ. ಸೌತ್ ಕೆರೊಲಿನಾದ ನಿಯಮ ಬೇರೆ. ಅದನ್ನು ಮಾರುವವರ ಬಾಯಿಂದಲ್ಲ, ಕೌಂಟಿ ಕಚೇರಿಯಿಂದಲೇ ತಿಳಿಯಬೇಕು.

ಅಲ್ಲಿನ ಜಿಗುಟು ಕೆಮ್ಮಣ್ಣಿನಲ್ಲಿ ನೀರು ಸುಲಭಕ್ಕೆ ಇಂಗದು. ಸೆಪ್ಟಿಕ್ ಟ್ಯಾಂಕಿಗೆ ಜಾಗ ಒಪ್ಪುತ್ತದೆಯೇ, ಬಾವಿಯ ನೀರು ಕುಡಿಯಲು ಯೋಗ್ಯವೇ ಎಂದು ಮುಂಗಡ ಕೊಡುವ ಮೊದಲೇ ಪರೀಕ್ಷಿಸಿ. ಸಾಧ್ಯವಾದರೆ ಒಂದು ವರ್ಷ ಅಲ್ಲೇ ಬಾಡಿಗೆಗಿದ್ದು, ಮಕ್ಕಳ ಶಾಲಾ ಬಸ್ಸು, ಅಜ್ಜಿಯ ಆಸ್ಪತ್ರೆ ಎಷ್ಟು ದೂರವೆಂದು ನೋಡಿ. ಆಮೇಲೆ ಸಹಿ ಹಾಕಿ.