ಹಾಳೆಯ ಬಣ್ಣ ಯಾರ ಹಕ್ಕು?

ನೋಟ್‌ಪ್ಯಾಡ್‌ನಲ್ಲಿ ಹಿನ್ನೆಲೆಯ ಬಣ್ಣವನ್ನು ಬದಲಿಸುವುದು ಹೇಗೆ ಎಂಬ ಪ್ರಶ್ನೆ ಬಹುಕಾಲದಿಂದ ಕೇಳಿಬರುತ್ತಿದೆ. ಅದಕ್ಕೆ ಸಿಗುವ ಉತ್ತರವೂ ಅಷ್ಟೇ ಹಳೆಯದು: ಅದು ಸರಳ ಪಠ್ಯದ ತಂತ್ರಾಂಶ, ಅದಕ್ಕೇಕೆ ಬಣ್ಣದ ಶೋಕಿ? ಈ ಉತ್ತರದ ತಾತ್ಸಾರವನ್ನು ಸಹಿಸಿಕೊಳ್ಳಬಹುದು, ಅದರ ತರ್ಕವನ್ನು ಒಪ್ಪಲಾಗದು.

ಸರಳ ಪಠ್ಯದ ಕಡತದೊಳಗೆ ಬಣ್ಣವೆಂಬುದೇ ಇಲ್ಲ. ಅಲ್ಲಿರುವುದು ಅಕ್ಷರಗಳ ಸಂಕೇತಗಳು ಮಾತ್ರ. ಬಿಳುಪು ಕೂಡ ಅದರ ಗುಣವಲ್ಲ. ಅದು ತೋರಿಸುವ ತಂತ್ರಾಂಶದ ತೀರ್ಮಾನ. ಹಾಗಾಗಿ ಹಿನ್ನೆಲೆಯನ್ನು ಬದಲಿಸಬಯಸುವವರು ಪಠ್ಯಕ್ಕೆ ಅಲಂಕಾರವನ್ನು ಕೇಳುತ್ತಿಲ್ಲ. ಚೆಂಬೂರಿನಲ್ಲಿ ತಿಳಿಹಳದಿಯ ಮೇಲೆ ಬರೆದದ್ದು ಸಿಕಂದರಾಬಾದಿನಲ್ಲಿ ಅಲ್ಲಿಯ ಓದುಗರು ಇಟ್ಟುಕೊಂಡ ಬಣ್ಣದಲ್ಲಿಯೇ ತೆರೆದುಕೊಳ್ಳುತ್ತದೆ. ವರ್ಡ್‌ನ ಪುಟಬಣ್ಣದ ಮಾತು ಬೇರೆ. ಅದು ಕಡತದೊಡನೆಯೇ ಪಯಣಿಸಿ, ಬರೆದವರ ಅಭಿರುಚಿಯನ್ನು ಓದುವವರ ಮೇಲೆ ಹೇರುತ್ತದೆ. ಶೋಕಿ ಎನ್ನುವುದಾದರೆ ಅದನ್ನು ಎನ್ನಬೇಕು.

1985ರಲ್ಲಿ ವಿಂಡೋಸ್‌ನ ಮೊದಲ ಆವೃತ್ತಿಯೊಡನೆ ಬಂದ ನೋಟ್‌ಪ್ಯಾಡ್‌ಗೆ ತನ್ನದೇ ಆದ ಬಣ್ಣದ ಆಯ್ಕೆ ಇರಲಿಲ್ಲ. ಆದರೆ ವಿಂಡೋಸ್ ಎಕ್ಸ್‌ಪಿ ಮತ್ತು 7ರಲ್ಲಿ ವ್ಯವಸ್ಥೆಯ ಕಿಟಕಿಗಳ ಬಣ್ಣವನ್ನು ಬದಲಿಸಿದರೆ ನೋಟ್‌ಪ್ಯಾಡ್ ಅದನ್ನು ಪಾಲಿಸುತ್ತಿತ್ತು. ಅದರೊಂದಿಗೆ ಇತರ ಹಲವು ತಂತ್ರಾಂಶಗಳ ಬಣ್ಣವೂ ಬದಲಾಗುತ್ತಿತ್ತೆಂಬುದು ನಿಜ. ಒಂದು ಕೋಣೆಗೆ ಸುಣ್ಣ ಬಳಿಯಲು ಹೋಗಿ ಇಡೀ ಮನೆಗೆ ಬಳಿದಂತೆ. ಆದರೂ ದಾರಿಯೊಂದಿತ್ತು. ವಿಂಡೋಸ್ 8ರಲ್ಲಿ ಆ ಪುಟವನ್ನೇ ಕಿತ್ತುಹಾಕಿದರು. ಹಟ ಬಿಡದವರು ರಿಜಿಸ್ಟ್ರಿಯೊಳಗೆ ಇಳಿದು 255 255 255 ಎಂಬ ಮೂರು ಅಂಕಿಗಳನ್ನು ತಿದ್ದಬೇಕಾಯಿತು. ವಿಂಡೋಸ್ 11ರ ನೋಟ್‌ಪ್ಯಾಡ್ ಬೆಳಕು, ಕತ್ತಲೆ ಎಂಬ ಎರಡು ರೂಪಗಳನ್ನು ಕೊಟ್ಟು, ಇದೇ ದೊಡ್ಡ ಉದಾರತೆ ಎಂಬಂತೆ ಸುಮ್ಮನಾಗಿದೆ.

ಬಿಳಿಯ ಹಾಳೆಯೇ ಬರವಣಿಗೆಯ ಸಹಜ ನೆಲ ಎಂಬ ನಂಬಿಕೆಯನ್ನು ಕನ್ನಡಿಗರಾದರೂ ಒಪ್ಪಬೇಕಾಗಿಲ್ಲ. ಫೈಲ್ ಎಂಬುದಕ್ಕೆ ನಾವು ಬಳಸುವ ಕಡತವೆಂಬ ಪದವನ್ನೇ ನೋಡಿ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ ಸಿದ್ಧಪಡಿಸಿದ ಕಪ್ಪು ಹೊತ್ತಗೆ ಅದು. ಅದರ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತ. ಇನ್ನು ತಾಳೆಗರಿಯಲ್ಲಿ ಕಂಟದಿಂದ ಕೊರೆದ ಗೆರೆಗಳಿಗೆ ಮಸಿ ತುಂಬಿದರೆ ಕಂದುಹಳದಿ ನೆಲದ ಮೇಲೆ ಕಪ್ಪಕ್ಷರ ಮೂಡುತ್ತಿತ್ತು. ಪಂಪ, ರನ್ನರ ಕಾವ್ಯಗಳು ಶತಮಾನಗಳ ಕಾಲ ಉಳಿದು ಬಂದದ್ದು ಅಂಥ ನೆಲದ ಮೇಲೆಯೇ ಹೊರತು ಕಣ್ಣು ಕೋರೈಸುವ ಬಿಳುಪಿನ ಮೇಲಲ್ಲ.

ಕಪ್ಪು ರೂಪ ಬಂದಿದೆಯಲ್ಲ, ಇನ್ನೇನು ಬೇಕು ಎನ್ನುವವರು ಕಣ್ಣಿನ ವಿಚಾರವನ್ನು ಮರೆತಿದ್ದಾರೆ. ಬೆಳಕಿನ ನೆಲದ ಮೇಲೆ ಪಾಪೆ ಕಿರಿದಾಗುವುದರಿಂದ ಅನೇಕರಿಗೆ ಅಕ್ಷರ ಸ್ಫುಟವಾಗಿ ಕಾಣುತ್ತದೆ. ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಅಂಚು ಕದಡಿದಂತೆ ತೋರಬಹುದು. ಕಣ್ಣಿನ ಪೊರೆ ಬರುತ್ತಿರುವವರಿಗೆ ಅದೇ ಬಿಳಿಯ ಪರದೆ ಮಂಜಿನೊಳಗಿನ ದೀಪದಂತೆ ಚದುರುತ್ತದೆ. ಇವೆರಡರ ನಡುವಿನ ತಿಳಿಹಳದಿ, ಬೂದು, ತಿಳಿಹಸಿರುಗಳಲ್ಲಿ ನೆಮ್ಮದಿ ಕಾಣುವ ಕಣ್ಣುಗಳಿಗೆ ಅಲ್ಲಿ ಜಾಗವಿಲ್ಲ. ಕನ್ನಡದ ಕರಡು ತಿದ್ದುವವರಿಗಂತೂ ಇದು ನಿತ್ಯದ ಸಂಕಟ. ದ, ಧ, ಥಗಳನ್ನು ಬೇರ್ಪಡಿಸುವುದು ಒಂದು ಪುಟ್ಟ ಗೆರೆ, ಒಂದು ಚುಕ್ಕೆ. ಒತ್ತಕ್ಷರಗಳು ಸಾಲಿನಡಿಯಲ್ಲಿ ಇನ್ನೂ ಚಿಕ್ಕದಾಗಿ ಕುಳಿತಿರುತ್ತವೆ. ಮೂರನೆಯ ಗಂಟೆಗೆ ಕಣ್ಣು ದಣಿದಾಗ ತಪ್ಪಿಹೋಗುವುದು ಮೊದಲು ಅವೇ.

ಸರಳತೆಯನ್ನು ಕಾಪಾಡುತ್ತಿದ್ದೇವೆ ಎಂಬ ಸಮರ್ಥನೆಯಂತೂ ಈಗ ಹಾಸ್ಯಾಸ್ಪದವಾಗಿದೆ. ನೋಟ್‌ಪ್ಯಾಡ್‌ಗೆ ಇತ್ತೀಚಿನ ವರ್ಷಗಳಲ್ಲಿ ಟ್ಯಾಬ್‌ಗಳು ಬಂದವು, ಕಾಗುಣಿತ ಪರೀಕ್ಷೆ ಬಂತು, ನಮ್ಮ ವಾಕ್ಯವನ್ನು ತಾನೇ ತಿದ್ದಿ ಬರೆಯುವ ಕೃತಕ ಬುದ್ಧಿಮತ್ತೆಯೂ ಬಂತು. ಬರೆಯುವವರ ವಾಕ್ಯಕ್ಕೆ ಕೈಹಾಕಲು ಸ್ಥಳವಿದೆ, ಅವರ ಹಾಳೆಯ ಬಣ್ಣವನ್ನು ಅವರಿಗೇ ಬಿಡಲು ಸ್ಥಳವಿಲ್ಲ! ತಾಂತ್ರಿಕ ತೊಡಕೆನ್ನೋಣವೆಂದರೆ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಈಮ್ಯಾಕ್ಸ್, ವಿಮ್‌ಗಳಲ್ಲಿ ಈ ಸೌಲಭ್ಯ ಎಂದಿನಿಂದಲೋ ಇದೆ. ಹಾಗಾದರೆ ಅವನ್ನೇ ಬಳಸಿ ಎಂದು ಹೇಳುವವರು, ಬ್ಯಾಂಕು, ಕಚೇರಿ, ಗ್ರಂಥಾಲಯಗಳ ಗಣಕಯಂತ್ರಗಳಲ್ಲಿ ಹೊಸ ತಂತ್ರಾಂಶ ಹಾಕಿಕೊಳ್ಳಲು ಎಷ್ಟು ಮಂದಿಗೆ ಅನುಮತಿ ಇದೆಯೆಂದು ಒಮ್ಮೆ ವಿಚಾರಿಸಬೇಕು. ಅಲ್ಲಿ ಕೈಗೆ ಸಿಗುವುದು ನೋಟ್‌ಪ್ಯಾಡ್ ಒಂದೇ.

ಬೇಡಿಕೆ ದೊಡ್ಡದೇನಲ್ಲ. ಫಾಂಟ್ ಆರಿಸುವ ಸ್ಥಳ ಅಲ್ಲಿ ಈಗಾಗಲೇ ಇದೆ. ಅದರ ಕೆಳಗೆ ಹಿನ್ನೆಲೆಗೊಂದು, ಅಕ್ಷರಕ್ಕೊಂದು ಬಣ್ಣದ ಚೌಕವನ್ನಿಡಲಿ. ಕನ್ನಡಕ್ಕೆಂದೇ ಬರವಣಿಗೆಯ ತಂತ್ರಾಂಶ ಸಿದ್ಧಪಡಿಸುವ ನಮ್ಮವರು ಅದಕ್ಕಾಗಿ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಮುಂದಿನ ಆವೃತ್ತಿಯಲ್ಲಿಯೇ ಮಾಡಿಬಿಡಬಹುದು.