ಕ್ಷಯದ ಕ್ರಿಮಿ ಸರ್ವಿಸ್ ಎಣಿಸುವುದಿಲ್ಲ

ಆಗಸ್ಟ್ 15ಕ್ಕೆ ಶಾಲೆಯ ಬಾವುಟದ ಕೆಳಗೆ ನಿಲ್ಲಿಸಿ ನಮ್ಮ ಕೇರಿಯ ಮಿಲಿಟರಿಯವನಿಗೆ ಹಾರ ಹಾಕುತ್ತೀರಿ. ಅದೇ ಮನುಷ್ಯ ಮಾರನೆ ದಿನ ಕೆಮ್ಮಿ ರಕ್ತ ಉಗುಳಿದರೆ ತಟ್ಟೆ ಬೇರೆ, ಲೋಟ ಬೇರೆ ಮಾಡುತ್ತೀರಿ. ಬೇರೆ ಲೋಟ ಅಂದರೆ ಏನಂತ ನಮಗೆ ಗೊತ್ತು ಸ್ವಾಮಿ. ಅದಕ್ಕೇ ಮಾತಾಡುತ್ತಿದ್ದೇವೆ.

ಜವಾನರಾಗಿ ಹೋಗುವವರು ಯಾರು? ಹೊಲ ಇಲ್ಲದವರ, ತುಂಡು ಹೊಲದವರ ಮಕ್ಕಳು. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸುವುದನ್ನೇ ನಿಲ್ಲಿಸಿದರು. ಮಹಾಯುದ್ಧಕ್ಕೆ ಆಳು ಬೇಕಾದಾಗ, 1941ರಲ್ಲಿ, ಮಹಾರ್ ರೆಜಿಮೆಂಟ್ ಕಟ್ಟಿದರು. ಬೇಕಾದಾಗ ಕರೆಯೋದು, ಬೇಡವಾದಾಗ ದೂಡೋದು. ಈ ಆಟ ಹಳೆಯದು.

ಮಾಜಿ ಸೈನಿಕರಿಗೆಂದು 2003ರ ಏಪ್ರಿಲ್ 1ರಿಂದ ವಂತಿಗೆಯ ಆರೋಗ್ಯ ಯೋಜನೆ, ಇಸಿಎಚ್‌ಎಸ್, ಬಂದಿದೆ. ಒಳ್ಳೆಯದೇ. ಆದರೆ ಅದರ ಬಾಗಿಲಿಗೆ ಪಿಂಚಣಿಯ ಬೀಗ. ಜವಾನನಿಗೆ ಸರ್ವಿಸ್ ಪಿಂಚಣಿ ಬೇಕೆಂದರೆ 15 ವರ್ಷ ದುಡಿಯಬೇಕು. 2022ರ ಅಗ್ನಿಪಥವೋ, 4 ವರ್ಷ ದುಡಿಸಿಕೊಂಡು, 100ಕ್ಕೆ ಹೆಚ್ಚೆಂದರೆ 25 ಮಂದಿಯನ್ನು ಉಳಿಸಿಕೊಂಡು, ಮಿಕ್ಕವರನ್ನು ಮನೆಗೆ ಕಳಿಸುವ ಯೋಜನೆ. ಹಾಗೆ ಬಂದವನಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಹೆಸರಿಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ.

ಕ್ಷಯ ಗಾಳಿಯಲ್ಲಿ ಹರಡುತ್ತದೆ. ಹತ್ತಾರು ಜನ ಒಟ್ಟಿಗೆ ಮಲಗುವ ಬ್ಯಾರಕ್ಕಿನಲ್ಲಿ ಹೊಕ್ಕ ಕ್ರಿಮಿ ಎಷ್ಟೋ ವರ್ಷ ಮೈಯೊಳಗೆ ಸುಮ್ಮನೆ ಕೂತಿದ್ದು, ಮೈ ಸೋತಾಗ ಎದ್ದು ಬರಬಹುದು. ಅದು ಸರ್ವಿಸ್ ಬುಕ್ ನೋಡಿ ಬರುತ್ತದೆಯೇ?

ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಪುಕ್ಕಟೆ ಅಲ್ಲವಾ ಅನ್ನುತ್ತೀರಿ. ಹೌದು, ಪುಕ್ಕಟೆ. ಆದರೆ ಹಾಳಾದ ಶ್ವಾಸಕೋಶಕ್ಕೆ ದೊಡ್ಡಾಸ್ಪತ್ರೆ ಬೇಕಾದಾಗ ಯಾರು ಹೊಣೆ? ಕಾರ್ಡು ಇದ್ದವನ ಪಾಡೂ ನೋಡಿ. ಮೊದಲು ಪಾಲಿಕ್ಲಿನಿಕ್ಕಿಗೆ ಹೋಗಬೇಕು, ಅಲ್ಲಿಂದ ಚೀಟಿ ಬರೆಸಿಕೊಂಡು ಆಸ್ಪತ್ರೆಗೆ. ಪಾಲಿಕ್ಲಿನಿಕ್ ಇರೋದು ಪಟ್ಟಣದಲ್ಲಿ. ಬಸ್ ಚಾರ್ಜು ಹೋಯಿತು, ಕೂಲಿಯೂ ಹೋಯಿತು. ಜೊತೆಗೆ ನಾಚಿಕೆ. ಊರಿಗೆ ಗೊತ್ತಾದರೆ ಮಗಳ ಮದುವೆ ನಿಂತೀತು ಎಂದು ಎಷ್ಟೋ ಜನ ಕೆಮ್ಮನ್ನೇ ನುಂಗುತ್ತಾರೆ.

ನಾವು ಕೇಳುವುದು ಭಿಕ್ಷೆಯಲ್ಲ. 4 ವರ್ಷ ದುಡಿದವನಿಗೂ 15 ವರ್ಷ ದುಡಿದವನಿಗೂ ಒಂದೇ ಚಿಕಿತ್ಸೆ ಕೊಡಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆ ಕಾರ್ಡು ನಡೆಯಲಿ.

ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಸರ್ಕಾರ ಕಣ್ಣು ಬಿಡುವತನಕ ಕಾಯಬೇಡಿ. 2 ವಾರ ದಾಟಿದ ಕೆಮ್ಮು ಕಂಡರೆ ಕೈಹಿಡಿದು ಕಫ ಪರೀಕ್ಷೆಗೆ ಕರೆದೊಯ್ಯಿರಿ. ಕನಿಷ್ಠ 6 ತಿಂಗಳ ಮಾತ್ರೆ ನಡುವೆ ನಿಲ್ಲದಂತೆ ನೋಡಿಕೊಳ್ಳಿ. ಅವನ ಪಕ್ಕ ಕೂತು ಉಣ್ಣಿರಿ.

ಸತ್ತ ಮೇಲೆ ಹೊದಿಸುವ ಬಾವುಟ ಆಮೇಲಿರಲಿ. ಬದುಕಿದ್ದಾಗ ಮದ್ದು ಕೊಡಿ.